ಹೆಬ್ಬೆಟ್ಟಿನ ಒಪ್ಪಿಗೆ ಒಪ್ಪಿಗೆಯೇ?

ಹೊಸಹಳ್ಳಿ ಹೋಬಳಿಯಲ್ಲಿ ಕೂಲಿನಾಲಿ ಮಾಡಿ ಬದುಕುವ ಹೆಂಗಸಿಗೆ ಹೊಟ್ಟೆಯ ಬೇನೆ ಬಲಿತರೆ ಮನೆಯವರು ಕೂಡ್ಲಿಗಿಗೆ ಕರೆದೊಯ್ಯುವರು. ಅಲ್ಲಿ ನೀಗದಿದ್ದರೆ ಬಳ್ಳಾರಿಗೋ ದಾವಣಗೆರೆಗೋ ಹೋಗಬೇಕಾಗುವುದು. ಶಸ್ತ್ರಚಿಕಿತ್ಸೆಗೆ ಮುನ್ನ ಆಕೆಯ ಮುಂದೆ ಒಂದು ಕಾಗದವನ್ನು ಹಿಡಿಯುತ್ತಾರೆ. ಎಷ್ಟೋ ಕಡೆಗಳಲ್ಲಿ ಅದು ಇಂಗ್ಲಿಷಿನದು. ‘ಇಲ್ಲಿ ಹೆಬ್ಬೆಟ್ಟು ಒತ್ತಮ್ಮ’ ಎಂಬುದಷ್ಟೇ ಆಕೆಗೆ ದೊರೆಯುವ ವಿವರಣೆ. ಇದನ್ನು ಸಮ್ಮತಿಯೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ರೋಗವೇನೆಂದು ಪರೀಕ್ಷಿಸುವುದಕ್ಕಷ್ಟೇ ಒಪ್ಪಿದ್ದ ದೆಹಲಿಯ ಮಹಿಳೆಯೊಬ್ಬಳು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟಿದ್ದರು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೮ನೆಯ ಜನವರಿಯಲ್ಲಿ ತೀರ್ಪಿತ್ತು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದೆಂದೂ, ಪ್ರಾಪ್ತ ವಯಸ್ಕಳ ಪರವಾಗಿ ತಾಯಿಯೂ ಒಪ್ಪಲಾಗದೆಂದೂ ವಿಧಿಸಿತು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಅದಕ್ಕೆ ಬದಲಾಗಿರುವ ಮಾರ್ಗ, ಬೇಡವೆಂದರೆ ಆಗುವ ಪರಿಣಾಮ, ಇವಿಷ್ಟನ್ನೂ ವೈದ್ಯನು ತಿಳಿಸತಕ್ಕದ್ದು. ಪ್ರಾಣ ಉಳಿಸಲು ಕ್ಷಣವೂ ತಡೆಯಲಾಗದ ಪ್ರಸಂಗಕ್ಕೆ ಮಾತ್ರ ವಿನಾಯಿತಿಯುಂಟು.

ಇದು ದೂರದ ದೆಹಲಿಯ ಮಾತೆಂದು ಯಾರೂ ಉದಾಸೀನರಾಗಬಾರದು. ನಮ್ಮ ಕಲಬುರಗಿ ಸೀಮೆಯಲ್ಲಿಯೇ ಲಂಬಾಣಿ ಹಾಗೂ ದಲಿತ ಸ್ತ್ರೀಯರ ಗರ್ಭಕೋಶಗಳನ್ನು ಅನವಶ್ಯಕವಾಗಿ ತೆಗೆಯಲಾಯಿತೆಂಬ ದೂರು ೨೦೧೫ರಲ್ಲಿ ಎದ್ದಿತು, ವಿಚಾರಣೆಗಳು ನಡೆದವು, ಆ ಸ್ತ್ರೀಯರು ಬೀದಿಗಿಳಿದು ನ್ಯಾಯ ಕೇಳಿದರು. ಎಳೆಯ ವಯಸ್ಸಿನಲ್ಲಿ ಅಂಡಾಶಯಗಳನ್ನು ಕಳೆದುಕೊಂಡವಳ ಎಲುಬು ಬೇಗನೆ ಸವೆಯುತ್ತದೆ. ಕೂಲಿಯೇ ಜೀವನಾಧಾರವಾದವಳಿಗೆ ಇದು ಅನ್ನದ ಪ್ರಶ್ನೆ. ಅನವಶ್ಯಕವಾದ ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ನೆಯ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಬೇಕಾಯಿತು.

ವೈದ್ಯವರ್ಗವನ್ನೆಲ್ಲ ದೂಷಿಸುವುದು ನಮ್ಮ ಉದ್ದೇಶವಲ್ಲ. ಸರಕಾರಿ ದವಾಖಾನೆಯ ಬಾಗಿಲಲ್ಲಿ ನೂರಾರು ಜನ ಕಾದಿರುವಾಗ ಪ್ರತಿಯೊಬ್ಬರೊಡನೆ ಕುಳಿತು ಮಾತನಾಡುವುದು ಸುಲಭವಲ್ಲವೆಂಬುದನ್ನು ಬಲ್ಲೆವು. ಆದರೆ ಬಿಡುವಿಲ್ಲವೆಂಬುದು ಕಷ್ಟವೇ ಹೊರತು ನ್ಯಾಯವಲ್ಲ. ವೈದ್ಯನಿಗೆ ಬಿಡುವಿಲ್ಲದಿದ್ದರೆ, ವಿಷಯ ಬಲ್ಲ ಬೇರೊಬ್ಬರನ್ನು ಆ ಕೆಲಸಕ್ಕೆ ನೇಮಿಸುವುದು ಆಡಳಿತದವರ ಹೊಣೆ.

ಒಪ್ಪಿಗೆಯ ಪತ್ರಗಳೆಲ್ಲವೂ ಕನ್ನಡದಲ್ಲಿರತಕ್ಕದ್ದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ಕರ್ತವ್ಯ ಮುಗಿಯದು. ಓದು ಬಾರದವಳಿಗೆ ಕನ್ನಡದ ಅಕ್ಷರವೂ ಇಂಗ್ಲಿಷಿನ ಅಕ್ಷರವೂ ಒಂದೇ. ತಾಂಡಾದ ಮುದುಕಿಗೆ ಲಂಬಾಣಿ ಮಾತಿನಲ್ಲಿಯೇ ತಿಳಿಹೇಳಬೇಕು. ಹೇಳಿದ ಮೇಲೆ ‘ಏನು ತಿಳಿಯಿತಮ್ಮ, ನೀನೇ ಹೇಳು’ ಎಂದು ಕೇಳಬೇಕು. ಆಕೆಯ ಬಾಯಿಂದ ಬಂದ ಉತ್ತರವೇ ನಿಜವಾದ ರುಜು.

ಜನರೂ ಅಂಜಬೇಕಾದುದಿಲ್ಲ. ಇದು ಏಕೆ ಬೇಕು, ಬೇರೆ ಉಪಾಯವುಂಟೇ, ಮಾಡಿಸದಿದ್ದರೆ ಏನಾದೀತು ಎಂದು ಕೇಳುವುದು ಉದ್ಧಟತನವಲ್ಲ, ಹಕ್ಕು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ ೭೨ ಗಂಟೆಗಳೊಳಗಾಗಿ ಕೊಡಬೇಕೆಂದು ವೈದ್ಯರ ನಡತೆಯ ೨೦೦೨ರ ನಿಯಮಗಳೇ ವಿಧಿಸಿವೆ.

ದೇಹ ರೋಗಿಯದು; ಅದರ ಮೇಲಿನ ಅಧಿಕಾರವೂ ಆಕೆಯದೇ. ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ನಾಲ್ವರಿಂದ ಓದಿಸಿ ಕೇಳುವ ನಮ್ಮ ರೈತನು, ಮಡದಿಯ ಒಡಲಿನ ಪತ್ರವನ್ನೂ ಆಕೆಗೆ ಓದಿಸಿ ಕೇಳಿಸಲಿ.