ಗಡಸು ನೀರಿಗೆ ಒಗ್ಗುವ ಹಳದಿ ಸಿಕ್ಲಿಡ್ ಮೀನು

ನೀಲಗುಂದ ಮತ್ತು ಅದರ ಸುತ್ತಲಿನ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಒಣಭೂಮಿ ಪ್ರದೇಶದಲ್ಲಿ ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕಲು ಹೊರಟವರು ಮೃದು ನೀರು ಬೇಡುವ ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವುಗಳನ್ನು ಇಂಥ ನೀರಿಗೆ ಬಿಟ್ಟು ಕಳೆದುಕೊಳ್ಳುವುದುಂಟು. ಮಣ್ಣಿಗೆ ತಕ್ಕ ಬೆಳೆ ಆರಿಸುವಂತೆ ನೀರಿಗೆ ತಕ್ಕ ಮೀನನ್ನು ಆರಿಸಿದರೆ ಈ ನಷ್ಟ ತಪ್ಪುತ್ತದೆ.

ಯಾವ ಮೀನು ಸೂಕ್ತ?

ಆಫ್ರಿಕ ಖಂಡದ ಮಲಾವಿ ಸರೋವರದ ನೀರು ಕ್ಷಾರಗುಣದ್ದು. ರಸಸಾರ ಸುಮಾರು 7.8ರಿಂದ 8.6. ಅಲ್ಲಿನ ಬಂಡೆಗಳ ನಡುವೆ ವಾಸಿಸುವ ಸಿಕ್ಲಿಡ್ ಜಾತಿಯ ಮೀನುಗಳು ನಮ್ಮ ಗಡಸು ನೀರಿಗೂ ಚೆನ್ನಾಗಿ ಒಗ್ಗುತ್ತವೆ. ಆದರೆ ಇವುಗಳಲ್ಲಿ ಬಹುಪಾಲು ಜಗಳಗಂಟಿಗಳು. ಹೊಸಬರಿಗೆ ಸೂಕ್ತವಾದುದು, ಅಂಗಡಿಯವರು 'ಎಲೆಕ್ಟ್ರಿಕ್ ಯೆಲ್ಲೊ' ಎಂದು ಮಾರುವ ಹಳದಿ ಸಿಕ್ಲಿಡ್ (ಲ್ಯಾಬಿಡೊಕ್ರೊಮಿಸ್ ಸೆರುಲಿಯಸ್). ಬೆರಳುದ್ದ ಬೆಳೆಯುವ, ಅರಿಸಿನ ಬಣ್ಣದ, ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಪಟ್ಟೆಯುಳ್ಳ ಈ ಮೀನು ತನ್ನ ಬಳಗದಲ್ಲಿ ಸಾಧು ಸ್ವಭಾವದ್ದು. ಇದರ ಜೊತೆಗೆ ಔರಾಟಸ್‌ನಂಥ ಪುಂಡ ಜಾತಿಗಳನ್ನು ಬಿಡಬಾರದು.

ತೊಟ್ಟಿ ಮತ್ತು ನೀರು

90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 40 ಸೆಂ.ಮೀ. ಮಟ್ಟಕ್ಕೆ 144 ಲೀಟರ್ ನೀರು ಹಿಡಿಯುತ್ತದೆ. ಇಷ್ಟು ಭಾರ ತಡೆಯುವ ಗಟ್ಟಿ ಮೇಜು ಬೇಕು. ಮೊದಲು ತಳದ ಮೇಲೆ ಕಲ್ಲುಗಳನ್ನು ಅಲುಗಾಡದಂತೆ ಜೋಡಿಸಿ, ಅನಂತರ ತೊಳೆದ ಮರಳು ಹರಡಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಕೆದರಿದಾಗ ಅದು ಉರುಳಿ ಗಾಜು ಒಡೆದೀತು. ಒಡೆದ ಮಡಕೆಯ ಚೂರುಗಳೂ ಒಳ್ಳೆಯ ಮರೆ ಒದಗಿಸುತ್ತವೆ.

ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೆಳೆಗೆಂದು ನೀರು ಪರೀಕ್ಷೆ ಮಾಡಿಸುವಾಗಲೇ ರಸಸಾರ ತಿಳಿದುಕೊಳ್ಳಿ. 7.6ರಿಂದ 8.5 ಇದ್ದರೆ ಉತ್ತಮ. ಬಾಯಿಗೆ ಉಪ್ಪೆನಿಸುವ ಸವಳು ನೀರು ಬೇಡ. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಯಾವುದೇ ಆಗಲಿ, ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, ಗಾಳಿಯಂತ್ರದಿಂದ ಒಂದು ದಿನ ಗಾಳಿಯಾಡಿಸಿ ಬಳಸಬೇಕು.

ಅಮೋನಿಯಾದ ಅಪಾಯ

ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದು ರೈತರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿಯೂ ಇದೇ ನಡೆಯುತ್ತದೆ. ಮೀನು ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ಕ್ಷಾರ ಮಣ್ಣಿನ ಮೇಲೆ ಚೆಲ್ಲಿದ ಯೂರಿಯಾದಿಂದ ಅಮೋನಿಯಾ ಬೇಗ ಹಾರಿಹೋಗುವ ಹಾಗೆಯೇ, ಕ್ಷಾರ ನೀರಿನಲ್ಲಿ ಅಮೋನಿಯಾದ ಹೆಚ್ಚು ಭಾಗ ವಿಷರೂಪದಲ್ಲಿರುತ್ತದೆ. ಆದ್ದರಿಂದ ಈ ಮೀನಿನ ತೊಟ್ಟಿಯಲ್ಲಿ ಶುಚಿತ್ವಕ್ಕೆ ಹೆಚ್ಚಿನ ಗಮನ ಬೇಕು.

ಗಾಳಿಯಿಂದ ನಡೆಯುವ ಸ್ಪಂಜಿನ ಶೋಧಕ ಅಳವಡಿಸಿ. ಅದರಲ್ಲಿ ಉಪಕಾರಿ ಜೀವಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಇನ್ನೂ ಬೇಗ. ಅಲ್ಲಿಯವರೆಗೆ ತೊಟ್ಟಿ ತುಂಬ ಮೀನು ಬಿಡಬಾರದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹಳೆಯ ನೀರನ್ನು ಕೈತೋಟಕ್ಕೆ ಅಥವಾ ಮಲ್ಲಿಗೆ ಬಳ್ಳಿಗೆ ಹಾಕಿ. ಅದರಲ್ಲಿ ನೈಟ್ರೇಟ್ ಇರುತ್ತದೆ. ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಯಂತ್ರ ಇರಲೇಬೇಕು.

ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಚಳಿಗಾಲಕ್ಕೆ ನೀರು ಕಾಯಿಸುವ ಹೀಟರ್ ಬೇಕು. ಬಿಸಿಲುಗಾಲದಲ್ಲಿ ಬಿಸಿ ಗೋಡೆಯಿಂದ ತೊಟ್ಟಿಯನ್ನು ದೂರವಿಟ್ಟು ಗಾಳಿಯಾಡಿಕೆ ಹೆಚ್ಚಿಸಬೇಕು.

ಆಹಾರ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಒಣ ಆಹಾರ ಸಾಕು. ಆಗಾಗ ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಸೊಪ್ಪು ಕೊಡಬಹುದು. ಪ್ರಾಣಿಗಳ ಮಾಂಸ ಕೊಟ್ಟರೆ ಹೊಟ್ಟೆ ಉಬ್ಬರ ಬರುವ ಸಂಭವವಿದೆ. ಎಳೆಯ ಮೀನಿನಲ್ಲಿ ಗಂಡು-ಹೆಣ್ಣು ಗುರುತಿಸುವುದು ಕಷ್ಟ. ಎಂಟು-ಹತ್ತು ಮರಿಗಳನ್ನು ತಂದು ಒಟ್ಟಿಗೆ ಬೆಳೆಸಿ, ಬಲಿತ ಮೇಲೆ ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣು ಉಳಿಸಿಕೊಳ್ಳಿ.

ಮರಿ ಮಾಡಿಸುವ ಕ್ರಮ

ಈ ಮೀನು ತತ್ತಿಯನ್ನು ಬಾಯಿಯಲ್ಲಿಟ್ಟು ಕಾಯುತ್ತದೆ. ಬೆದೆಗೆ ಬಂದ ಗಂಡಿನ ಹೊಟ್ಟೆಯ ಕೆಳಗಿನ ರೆಕ್ಕೆಗಳು ಕಡುಗಪ್ಪಾಗುತ್ತವೆ. ಹೆಣ್ಣು ಕಲ್ಲಿನ ಮರೆಯಲ್ಲಿ ತತ್ತಿಯಿಟ್ಟು ಕೂಡಲೇ ಬಾಯಿಗೆ ತೆಗೆದುಕೊಳ್ಳುತ್ತದೆ. ಮುಂದೆ ಸುಮಾರು ಮೂರು ವಾರ ಅದು ಆಹಾರ ಬಿಟ್ಟಿರುತ್ತದೆ. ಗಂಟಲು ಉಬ್ಬಿರುವುದು ಹೊರಗೇ ಕಾಣುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧ ಹಾಕಬಾರದು.

ಸುಮಾರು ಹದಿನೈದನೆಯ ದಿನದ ನಂತರ ತಾಯಿಯನ್ನು, ಅದೇ ನೀರು ತುಂಬಿದ 30-40 ಲೀಟರಿನ ಬೇರೆ ತೊಟ್ಟಿಗೆ ಗಾಬರಿಯಾಗದಂತೆ ಸಾಗಿಸಿ. ಬಾಯಿಯಿಂದ ಹೊರಬರುವ ಮರಿಗಳು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು. ಆಗಲೇ ಈಜಬಲ್ಲ ಇವಕ್ಕೆ ನುಣ್ಣಗೆ ಪುಡಿ ಮಾಡಿದ ಒಣ ಆಹಾರ ಅಥವಾ ಆಗತಾನೆ ಮರಿಯಾದ ಆರ್ಟೀಮಿಯ ಸಾಕು. ತಾಯಿಗೆ ಕೆಲವು ದಿನ ಪ್ರತ್ಯೇಕವಾಗಿ ಆಹಾರ ಕೊಟ್ಟು, ಸುಧಾರಿಸಿದ ಮೇಲೆ ಹಿಂದಿರುಗಿಸಿ. ಮರಿ ಮಾರುವ ಉದ್ದೇಶವಿದ್ದರೆ ಒಂದು ತೊಟ್ಟಿಯಲ್ಲಿ ಒಂದೇ ಜಾತಿ ಇರಲಿ. ಬೇರೆ ಮಲಾವಿ ಜಾತಿಗಳೊಡನೆ ಬೆರಕೆಯಾದ ಮರಿಗಳಿಗೆ ತಳಿಶುದ್ಧತೆ ಇಲ್ಲ.

ಎರಡು ಎಚ್ಚರಿಕೆಗಳು

ಒಂದು: ಕೀಟನಾಶಕ. ಪೈರಿಥ್ರಾಯ್ಡ್ ಗುಂಪಿನ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಸಿಂಪರಣೆಗೆ ಬಳಸಿದ ಬಕೆಟ್ಟು, ಕೊಡಗಳನ್ನು ತೊಟ್ಟಿಗೆ ತಾಗಿಸಬೇಡಿ. ಹೊಲದಿಂದ ಬಂದವರು ಸಾಬೂನಿನಿಂದ ಕೈ ತೊಳೆದು, ಸಾಬೂನು ಉಳಿಯದಂತೆ ಜಾಲಿಸಿಕೊಂಡೇ ಮುಟ್ಟಬೇಕು. ಮನೆಯಲ್ಲಿ ಸೊಳ್ಳೆ ಔಷಧ ಹೊಡೆಯುವಾಗ ತೊಟ್ಟಿ ಮುಚ್ಚಿ, ಗಾಳಿಯಂತ್ರ ನಿಲ್ಲಿಸಿ, ಕೋಣೆಯ ಗಾಳಿ ತಿಳಿಯಾದೊಡನೆ ಮತ್ತೆ ನಡೆಸಿ.

ಎರಡು: ಕೆರೆ. ನಮ್ಮ ಜನ ಜಿಲೇಬಿ ಮೀನೆಂದು ಕರೆಯುವ ತಿಲಾಪಿಯಾ ಕೂಡ ಆಫ್ರಿಕದ ಸಿಕ್ಲಿಡ್. ಅದೂ ಬಾಯಿಯಲ್ಲಿ ತತ್ತಿ ಕಾಯುವಂಥದೇ. ಆಹಾರಕ್ಕೆಂದು 1952ರಲ್ಲಿ ಭಾರತಕ್ಕೆ ಬಂದ ಆ ಮೀನು ಎಳೆಯ ವಯಸ್ಸಿನಲ್ಲೇ ಮರಿಮಾಡಿ, ಕೆರೆಗಳಲ್ಲಿ ಕಿಕ್ಕಿರಿದು, ಕಟ್ಲ-ರೋಹುಗಳ ಮೇವಿಗೆ ಪೈಪೋಟಿಯಾಯಿತು. ಇನ್ನು ಅದನ್ನು ತೆಗೆಯುವ ದಾರಿಯಿಲ್ಲ. ಆದುದರಿಂದ ಸಾಕಿ ಬೇಸರವಾದ ಮೀನನ್ನಾಗಲಿ, ಹೆಚ್ಚಾದ ಮರಿಗಳನ್ನಾಗಲಿ ಕೆರೆ, ಹಳ್ಳ, ಕಾಲುವೆಗೆ ಬಿಡಬೇಡಿ. ಅಂಗಡಿಗೆ ಹಿಂದಿರುಗಿಸಿ ಅಥವಾ ಸಾಕುವವರಿಗೆ ಕೊಡಿ.

ಹಿತ್ತಲಿನಲ್ಲಿ ನಾಲ್ಕಾರು ತೊಟ್ಟಿಗಳಿಗೆ ವಿಸ್ತರಿಸಬಯಸುವ ಯುವಕರು ಮತ್ತು ಗೃಹಿಣಿಯರು ಮೊದಲು ಒಂದು ವರ್ಷ ಒಂದೇ ತೊಟ್ಟಿಯಲ್ಲಿ ಅನುಭವ ಪಡೆಯಲಿ. ಮರಿ ಕೊಳ್ಳುವ ಅಂಗಡಿಯನ್ನು ಮೊದಲೇ ಗೊತ್ತುಮಾಡಿಕೊಂಡು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ತರಬೇತಿ ಮತ್ತು ಸಹಾಯಧನದ ವಿವರ ವಿಚಾರಿಸಿ, ಆನಂತರವೇ ಹಣ ಹೂಡುವುದು ಕ್ಷೇಮ.