ಪೊಲೀಸ್ ಕೆಡೆಟ್ ಯೋಜನೆಯ ಹಣ: ಲೆಕ್ಕ ಕೇಳುವುದು ಹೇಗೆ?

ಪೊಲೀಸರು ಜನರ ಜೊತೆ ಸೇರಿ ಅಪರಾಧ ತಡೆಯುವ ಪದ್ಧತಿಗೆ ಸಮುದಾಯ ಪೊಲೀಸ್ ವ್ಯವಸ್ಥೆ ಎನ್ನುತ್ತಾರೆ. ಬೀಟ್ ಪೊಲೀಸರು ಊರವರ ಸಭೆ ನಡೆಸುವುದು ಇದರ ಒಂದು ರೂಪ. ವಿದ್ಯಾರ್ಥಿಗಳಿಗೆ ಹತ್ತಿರದ ಇನ್ನೊಂದು ರೂಪ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ.

ಈ ಯೋಜನೆ 2010ರಲ್ಲಿ ಕೇರಳದಲ್ಲಿ ಶುರುವಾಯಿತು. 2018ರ ಜುಲೈ 21ರಂದು ಕೇಂದ್ರ ಗೃಹ ಸಚಿವ ರಾಜನಾಥ್ ಸಿಂಗ್ ಗುರುಗ್ರಾಮದಲ್ಲಿ ಇದನ್ನು ದೇಶದ ಮಟ್ಟದಲ್ಲಿ ಉದ್ಘಾಟಿಸಿದರು. 8 ಮತ್ತು 9ನೇ ತರಗತಿಯ ಮಕ್ಕಳಿಗೆ ರಸ್ತೆ ಸುರಕ್ಷತೆ, ಮಹಿಳೆ ಮತ್ತು ಮಕ್ಕಳ ರಕ್ಷಣೆ, ವಿಪತ್ತು ನಿರ್ವಹಣೆ ಕಲಿಸಬೇಕು. ಭ್ರಷ್ಟಾಚಾರದ ವಿರುದ್ಧ ಹೋರಾಟವೂ ಪಾಠಗಳಲ್ಲಿದೆ. ಬೋಧನಾ ಸಾಮಗ್ರಿ, ತರಬೇತಿ ಮತ್ತು ಇತರ ಖರ್ಚಿಗೆ ಪ್ರತಿ ಶಾಲೆಗೆ 50,000 ರೂಪಾಯಿ ನೀಡುವುದಾಗಿ ಕೇಂದ್ರ ಆಗ ತಿಳಿಸಿತ್ತು. ಜಿಲ್ಲೆಯಲ್ಲಿ ಉಸ್ತುವಾರಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯದು. ಪೊಲೀಸ್ ವರಿಷ್ಠಾಧಿಕಾರಿಗಳು ಅದರ ಸದಸ್ಯರು.

ಅನುದಾನ ಪಡೆದವರು ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದು ಸಲ್ಲಿಕೆಯಾಗಬೇಕು. ಸರ್ಕಾರದ ಖರ್ಚನ್ನು ಮಹಾಲೇಖಪಾಲರು (ಸಿಎಜಿ) ಪರಿಶೋಧಿಸುತ್ತಾರೆ. ರಾಜ್ಯದ ಖರ್ಚಿನ ವರದಿ ವಿಧಾನಮಂಡಲದ ಮುಂದೆ ಬರುತ್ತದೆ; ಅದನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ.

ಆದರೆ ಪ್ರಮಾಣಪತ್ರ ಹೇಳುವುದು ಹಣ ಖರ್ಚಾಯಿತು ಎಂದು ಮಾತ್ರ. ತರಗತಿ ನಡೆಯಿತೇ, ಮಕ್ಕಳಿಗೆ ಠಾಣೆಯ ಹೆದರಿಕೆ ಹೋಯಿತೇ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. ಪ್ರತಿ ಶಾಲೆಯ ಬಾಗಿಲಿಗೂ ಲೆಕ್ಕಪರಿಶೋಧಕರು ಬರಲಾರರು. ಬೇಮಳಖೇಡದಂಥ ಊರಿನಲ್ಲಿ ಅದನ್ನು ಗಮನಿಸಬಲ್ಲವರು ಊರಿನವರೇ.

ಅದಕ್ಕೆ ಇರುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಕಾಯ್ದೆ ಈ ಹಕ್ಕನ್ನು ಎಲ್ಲ ಪೌರರಿಗೂ ಕೊಟ್ಟಿದೆ, ವಯಸ್ಸಿನ ಮಿತಿ ಹಾಕಿಲ್ಲ. ಮಾಹಿತಿ ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಬೀದರ್ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಕೇಳಬಹುದು:

1. ಕಳೆದ ಮೂರು ವರ್ಷಗಳಲ್ಲಿ ಈ ಯೋಜನೆಗೆ ಜಿಲ್ಲೆಗೆ ಬಂದ ಅನುದಾನ ಎಷ್ಟು? ಯಾವ ಶಾಲೆಗೆ ಎಷ್ಟು?
2. ಹಣ ಬಳಕೆ ಪ್ರಮಾಣಪತ್ರ ಮತ್ತು ಖರೀದಿ ಬಿಲ್ಲುಗಳ ಪ್ರತಿ.
3. ನಡೆದ ತರಗತಿಗಳ ದಿನಾಂಕ ಮತ್ತು ಹಾಜರಿ ಪುಸ್ತಕದ ಪ್ರತಿ.

ಮೂರನೆಯದೇ ಮುಖ್ಯ. ಬಿಲ್ಲನ್ನೂ ಹಾಜರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಣ ಮಕ್ಕಳಿಗೆ ತಲುಪಿತೇ ಎಂಬುದು ತಿಳಿಯುತ್ತದೆ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ನಂತರ ರಾಜ್ಯ ಮಾಹಿತಿ ಆಯೋಗ.

ಲೆಕ್ಕ ಕೇಳುವುದು ಪೊಲೀಸರ ಮೇಲೆ ಆರೋಪ ಹೊರಿಸಿದಂತಲ್ಲ. ನಾವು ಮನೆಯಲ್ಲಿ ಅಮಾನತ್ ಎನ್ನುತ್ತೇವೆ: ನಂಬಿ ಒಪ್ಪಿಸಿದ್ದನ್ನು ಹಾಗೆಯೇ ಕಾಯಬೇಕು, ಕೇಳಿದಾಗ ತೋರಿಸಬೇಕು. ಸರ್ಕಾರದ ಅನುದಾನವೂ ಜನರ ಅಮಾನತ್. ಅಂಥ ಹಣ ನಮ್ಮ ಕಾಲೇಜಿಗೆ ಬಂದರೆ ಇದೇ ಪ್ರಶ್ನೆಗಳಿಗೆ ನಾವೂ ಉತ್ತರ ಕೊಡಬೇಕಾಗುತ್ತದೆ.