ಸುರಪುರ: ಗುಡ್ಡಗಳ ನಡುವಿನ ನಾಯಕರ ಊರು

ಯಾದಗಿರಿ ಅಂದರೆ ನಮ್ಮ ಕರಾವಳಿಯವರಿಗೆ ಏನು ನೆನಪಾಗುತ್ತದೆ? ಮಂಗಳೂರಲ್ಲಿ ಮನೆ ಕಟ್ಟಿಸುವಾಗ ಸಿಮೆಂಟು ಹೊರುವ, ಪಾಯ ತೋಡುವ ಕೆಲಸಗಾರರು. 'ಘಟ್ಟದ ಮೇಲಿನವರು' ಎಂದು ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಊರು ಯಾವುದೆಂದು ಕೇಳಿದರೆ ಶಹಾಪುರ, ಸುರಪುರ ಅನ್ನುವವರು ಅವರಲ್ಲಿ ಉಂಟು. ಆ ಸುರಪುರ ಒಂದು ಕಾಲದಲ್ಲಿ ರಾಜಧಾನಿ ಮಾರಾಯ್ರೆ!

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರ ದಾಟಿ ಬಸ್ಸಿನಲ್ಲಿ ಹೋಗಬೇಕು. ಸುತ್ತ ಬಂಡೆಗಳ ಗುಡ್ಡ. ಬ್ರಿಟಿಷರ ಕಾಗದಪತ್ರಗಳಲ್ಲಿ ಇದು ಶೋರಾಪುರ. ಆಳಿದವರು ಬೇಡ ನಾಯಕರು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಬೆಳೆದ ಮನೆತನ ಅದು. ಮೊದಲು ಅವರ ಕೋಟೆ ಇದ್ದದ್ದು ಹತ್ತಿರದ ವಾಗಣಗೇರಾದಲ್ಲಿ.

1705ರಲ್ಲಿ ಔರಂಗಜೇಬ್ ಆ ಕೋಟೆಗೆ ಮುತ್ತಿಗೆ ಹಾಕಿದ. ಬಾದಶಹನ ವಯಸ್ಸು ಆಗ 86. ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದೇ. ಪಿಡ್ಡನಾಯಕರ ನೆರವಿಗೆ ಮರಾಠರು ಬಂದರು. ತಿಂಗಳುಗಟ್ಟಲೆ ಗುಂಡು ಹಾರಿತು. ಕಡೆಗೆ ನಾಯಕರು ರಾತ್ರಿ ಹೊತ್ತು ತಪ್ಪಿಸಿಕೊಂಡರು, ಮೊಘಲರ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ಅಲ್ಲಿಂದ ಮುಂದೆ ಸುರಪುರವೇ ರಾಜಧಾನಿಯಾಯಿತು.

ಈ ಕತೆಯನ್ನು ಧರ್ಮದ ಜಗಳವಾಗಿ ಹೇಳುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಪಿಡ್ಡನಾಯಕರು ಹಿಂದೊಮ್ಮೆ ಮೊಘಲ್ ಸೇವೆಯಲ್ಲೇ ಇದ್ದವರು. ಮುಂದೆ 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತಾಗ ಅವರ ದಂಡಿನಲ್ಲಿ ಬೇಡರ ಜೊತೆ ಅರಬರೂ ರೋಹಿಲ್ಲಾಗಳೂ ಇದ್ದರು. ಸೋತ ಮೇಲೆ ಅವರು ಓಡಿದ್ದು ಹೈದರಾಬಾದಿಗೆ. ಅಲ್ಲಿ ಹಿಡಿಸಿ ಬ್ರಿಟಿಷರಿಗೆ ಒಪ್ಪಿಸಿದವರು ನಿಜಾಮರ ದಿವಾನ ಸಾಲಾರ್ ಜಂಗ್. ಯಾರು ಯಾರ ಕಡೆ ಅಂತ ಹೇಳುತ್ತೀರಿ?

ವೆಂಕಟಪ್ಪ ನಾಯಕರ ಕತೆ ಓದಿದರೆ ಕರುಳು ಚುರುಕ್ ಅನ್ನುತ್ತದೆ. ಅವರಿನ್ನೂ ಹುಡುಗನಾಗಿದ್ದಾಗ ಸಂಸ್ಥಾನ ನೋಡಿಕೊಳ್ಳಲು ಬಂದವರು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹತ್ತು ವರ್ಷಕ್ಕೂ ಹೆಚ್ಚು ಇದ್ದು, ಬೋನಾಳದ ಕೆರೆ ದೊಡ್ಡದು ಮಾಡಿಸಿ, ಗುಡ್ಡದ ಮೇಲೆ ಮನೆ ಕಟ್ಟಿಕೊಂಡರು. ಆ 'ಟೇಲರ್ ಮಂಜಿಲ್' ಈಗಲೂ ಉಂಟು. ಹುಡುಗ ಅವರನ್ನು 'ಅಪ್ಪಾ' ಅನ್ನುತ್ತಿದ್ದ. ದಂಗೆಯ ನಂತರ ಅದೇ ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡರು. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ರಾಜ ತೀರಿಕೊಂಡ. ಬೇಕೆಂದೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ, ಟೇಲರಿಗೂ ಗೊತ್ತಾಗಲಿಲ್ಲ. ಸಂಸ್ಥಾನ ನಿಜಾಮರ ಪಾಲಾಯಿತು.

ತಾಲೂಕಿನಲ್ಲೇ ಕೃಷ್ಣಾ ತೀರದ ತಿಂಥಣಿ ಇದೆ. ಅಲ್ಲಿನ ಮೌನೇಶ್ವರರ ಗುಡಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಸುರಪುರದ ಕಿರುಚಿತ್ರ ಕಲೆಗೆ ಬೇರೆಯೇ ಹೆಸರು, ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ಇಷ್ಟೆಲ್ಲ ಇದ್ದ ಊರು ಈಗ ಹಿಂದುಳಿದವರ ಪಟ್ಟಿಯಲ್ಲಿ. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಕಡಿಮೆ. ನಾರಾಯಣಪುರ ಅಣೆಕಟ್ಟಿನ ಕಾಲುವೆ ಹರಿದಲ್ಲಿ ಭತ್ತದ ಗದ್ದೆಗಳೆದ್ದಿವೆ. ನೀರು ಮುಟ್ಟದ ಹಳ್ಳಿಗಳವರು ಸುಗ್ಗಿ ಮುಗಿದದ್ದೇ ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರು, ಪುಣೆ, ನಮ್ಮ ಮಂಗಳೂರಿನ ಬಸ್ಸು ಹತ್ತುತ್ತಾರೆ. ಆ ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ.